ಜಗಳದ ಹಿಟ್ಟು

ನಮ್ಮ ಮನೆಯಲ್ಲಿ ಜಗಳವಾಡಿದವರ ಬೆನ್ನಿಗೆ ಏಟು ಬೀಳುತ್ತಿರಲಿಲ್ಲ, ಅವರ ಮುಂದೆ ರಾಗಿ ಬೀಳುತ್ತಿತ್ತು. ನಡುಮನೆಯ ಮೂಲೆಯಲ್ಲಿ, ಅಡುಗೆಕೋಣೆಯ ಹೊಸ್ತಿಲಿಗೆ ಒತ್ತಿಕೊಂಡಂತೆ, ಒಂದು ಬೀಸುವ ಕಲ್ಲಿತ್ತು. ಕೆಳಗಲ್ಲು ಅರ್ಧ ನೆಲದೊಳಗೆ ಹೂತಿತ್ತು. ಮೇಲ್ಗಲ್ಲಿನ ಮರದ ಗೂಟ ಎಷ್ಟೋ ಹೆಂಗಸರ ಅಂಗೈ ಸವೆಸಿ, ತಾನೂ ಸವೆದು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅಜ್ಜಿ ನಿಡಘಟ್ಟದ ತವರಿನಿಂದ ಮದುವೆಯಾಗಿ ನಮ್ಮೂರಿಗೆ ಬಂದಾಗ ಎತ್ತಿನ ಗಾಡಿಯಲ್ಲಿ ಅವಳ ಪಕ್ಕದಲ್ಲೇ ಕೂತು ಬಂದ ಕಲ್ಲು ಅದು. ಆ ಪ್ರಯಾಣದ ಕಥೆಯನ್ನು ಅವಳ ಬಾಯಿಂದಲೇ ಕೇಳಬೇಕಿತ್ತು.

“ದಾರಿವುದ್ದಕ್ಕೂ ನಿಮ್ಮ ತಾತ ನನ್ ಮಕ ನೋಡ್ನಿಲ್ಲ ಕಣಮ್ಮಿ. ಗಾಡಿ ಅಳ್ಳಕ್ಕೆ ಇಳಿದಾಗೆಲ್ಲ ಕಲ್ಲು ಉರುಳ್ಕಂಡೋಯ್ತದೆ ಅಂತ ಅದ್ನೇ ತಬ್ಕಂಡು ಬಂದ್ರು. ಮದ್ವೆ ಆಗಿದ್ದು ನನ್ನೋ ಕಲ್ಲನ್ನೋ ಅಂತ ನಂಗಿನ್ನೂ ಅನ್ಮಾನ.”

ನಾನು ಮಾತು ಕಲಿತದ್ದು ಈ ಬಾಯಿಂದ. ಕಲಿತದ್ದೇನು, ಸುರಿಸಿಕೊಂಡದ್ದು ಅನ್ನಬೇಕು. ನನ್ನ ಬಾಯಲ್ಲಿ ಎಳ್ಳು ನೆನೆಯುತ್ತಿರಲಿಲ್ಲ. ಬೆಳಿಗ್ಗೆ ನಾಲೆಯ ಮೇಲೆ ಕಂಡದ್ದು ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಗಿರುತ್ತಿತ್ತು. ಅವ್ವ ನನಗೆ ‘ರೇಡಿಯೋ’ ಅಂತಲೇ ಹೆಸರಿಟ್ಟಿದ್ದಳು. ಕಿವಿ ಹಿಂಡಿ ಆರಿಸಲು ನೋಡುತ್ತಿದ್ದಳು, ಆರುತ್ತಿರಲಿಲ್ಲ.

ನಾನು ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ ನಮ್ಮ ಕಡೆಯ ಹಳ್ಳಿಗಳಿಗೆಲ್ಲ ಕರೆಂಟು ಬಂದಿತ್ತು, ಕೊತ್ತತ್ತಿಯ ದಾರಿಯಲ್ಲಿ ಹಿಟ್ಟಿನ ಮಿಲ್ಲು ಗುಡುಗುಡು ಅನ್ನುತ್ತಿತ್ತು. ಊರಿನ ಬೀಸುವ ಕಲ್ಲುಗಳೆಲ್ಲ ಹಿತ್ತಿಲು ಸೇರಿ ಕೋಳಿ ಕೂರುವ ಪೀಠಗಳಾದವು. ನಮ್ಮ ಕಲ್ಲು ಮಾತ್ರ ಎದ್ದು ಹೋಗಲಿಲ್ಲ. ದಿನದ ಹಿಟ್ಟು ಮಿಲ್ಲಿನಿಂದ ಬರುತ್ತಿತ್ತು, ಕಲ್ಲು ಜಗಳಕ್ಕೆ ಮೀಸಲಾಯಿತು. ಮನೆಯಲ್ಲಿ ಯಾರಿಬ್ಬರು ಕಿತ್ತಾಡಲಿ, ಗಂಡಸರನ್ನು ಬಿಟ್ಟು, ಅಜ್ಜಿ ತಪ್ಪು ಯಾರದು ಅಂತ ಕೇಳುತ್ತಲೇ ಇರಲಿಲ್ಲ. ಎರಡು ಮೊರಕ್ಕೆ ರಾಗಿ ಸುರಿದು ಕಲ್ಲಿನ ಎರಡು ಪಕ್ಕಕ್ಕೆ ಇಡುತ್ತಿದ್ದಳು. ಜಗಳವಾಡಿದವರಿಬ್ಬರೂ ಎದುರುಬದುರು ಕೂರಬೇಕು, ಬಲಗೈಯಲ್ಲಿ ಒಂದೇ ಗೂಟ ಹಿಡಿಯಬೇಕು, ಎಡಗೈಯಲ್ಲಿ ಕಲ್ಲಿನ ಬಾಯಿಗೆ ರಾಗಿ ಹಾಕಬೇಕು. ಆದರೆ ತಾನಾಗಿ ಹಾಕುವ ಹಾಗಿಲ್ಲ! ಎದುರಿಗೆ ಕೂತವರು ‘ಹಾಕು’ ಅಂದಾಗ ಮಾತ್ರ ಒಂದು ಹಿಡಿ. ರಾಗಿ ಮುಗಿಯುವವರೆಗೆ ಕಲ್ಲಿನ ಮುಂದೆ ಆ ಒಂದು ಮಾತು ಬಿಟ್ಟು ಬೇರೆ ಮಾತಿಲ್ಲ. ಹಟಕ್ಕೆ ಬಿದ್ದು ಬಾಯಿ ಬಿಡದಿದ್ದರೆ ರಾಗಿ ಬೀಳುವುದಿಲ್ಲ. ರಾಗಿ ಬೀಳದಿದ್ದರೆ ಕಲ್ಲಿಗೆ ಕಲ್ಲು ಉಜ್ಜಿ ಹಿಟ್ಟಿಗೆ ಮರಳು ಸೇರುತ್ತದೆ. ಆ ಹಿಟ್ಟನ್ನೇ ರಾತ್ರಿ ಮುದ್ದೆ ಕಟ್ಟಿ ಮನೆಮಂದಿಯೆಲ್ಲ ಉಣ್ಣಬೇಕು, ಅಪ್ಪನೂ ಸೇರಿ.

ಬೀಸಿ ಮುಗಿದ ಮೇಲೆ ಅಜ್ಜಿಯ ಪರೀಕ್ಷೆ. ಒಂದು ಚಿಟಿಕೆ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಮರಳಿನ ಸದ್ದಿದೆಯೇ ಅಂತ ಕಿವಿಯ ಹತ್ತಿರ ತಂದು, ಕಣ್ಣು ಮುಚ್ಚಿ ಉಜ್ಜುತ್ತಿದ್ದಳು. ಮನೆಯಲ್ಲಿ ಆಗ ಯಾರೂ ಉಸಿರಾಡುತ್ತಿರಲಿಲ್ಲ. ಆಮೇಲೆ, “ಮಳ್ಳಿಲ್ಲ, ಎಸರಿಡ್ರಿ” ಅನ್ನುತ್ತಿದ್ದಳು. ಆ ಮಾತು ಬಿದ್ದ ಮೇಲೆ ಜಗಳ ಮುಗಿಯಿತು ಅಂತ ಲೆಕ್ಕ. ನಾನೂ ನನ್ನ ಅಣ್ಣ ಕೆಂಪರಾಜನೂ ಆ ಗೂಟ ಹಿಡಿದದ್ದಕ್ಕೆ ಮಿತಿಯಿಲ್ಲ. ಅವನು ಗಂಡಸರ ಲೆಕ್ಕಕ್ಕೆ ಸೇರಿ ಕಲ್ಲಿನಿಂದ ತಪ್ಪಿಸಿಕೊಂಡದ್ದು ಮೀಸೆ ಚಿಗುರಿದ ಮೇಲೆ. ಆ ಮೀಸೆಯೇ ಮುಂದಿನ ಕಥೆಗೆಲ್ಲ ಕಾರಣ ಅಂತ ಅಜ್ಜಿಯ ವಾದ.

ಕೆಂಪರಾಜ ಆಗ ಹತ್ತನೇ ಕ್ಲಾಸು. ನಮ್ಮ ವಂಶದಲ್ಲಿ ಆ ಪರೀಕ್ಷೆಗೆ ಕೂರುವ ಮೊದಲನೆಯವನು. ಅಪ್ಪ ಅವನಿಗಾಗಿ ಪಡಸಾಲೆಯಲ್ಲಿ ಒಂದು ಬಲ್ಬು ಹೆಚ್ಚಿಗೆ ಹಾಕಿಸಿದ್ದ. ಅದರ ಕೆಳಗೆ ಅಣ್ಣ ಓದುತ್ತಿದ್ದರೆ ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣಲಿ ಅಂತ ಬಾಗಿಲು ತೆರೆದಿಡುತ್ತಿದ್ದ. ನಾನು ಅದೇ ಶಾಲೆಯಲ್ಲಿ ಎಂಟನೇ ಕ್ಲಾಸು. ಆ ವರ್ಷದ ಅವರೆಕಾಯಿ ಕಾಲದಲ್ಲಿ, ಶಾಲೆಯ ಬಯಲಿನಲ್ಲಿ ಕಬಡ್ಡಿ ಆಡುವಾಗ, ಕೆಳಗಾಲುವೆ ಕಡೆಯ ನಿಂಗರಾಜ ಅನ್ನುವ ಹುಡುಗ ಗೆರೆ ಮುಟ್ಟಿದನೋ ಇಲ್ಲವೋ ಅನ್ನುವುದರ ಮೇಲೆ ಶುರುವಾಯಿತು. ನಿಂಗರಾಜನೂ ಅಣ್ಣನ ಕ್ಲಾಸೇ, ಅಣ್ಣನಷ್ಟೇ ಗಟ್ಟಿ ಆಳು, ಅಣ್ಣನಷ್ಟೇ ಮೊಂಡ.

“ಮುಟ್ಟಿಲ್ಲ ಕಣ್ಲಾ ನೀನು, ಸುಳ್ಳೇಳ್ಬ್ಯಾಡ!”

“ನಿನ್ ಕಣ್ಣು ಗದ್ದೇಲಿ ಬಿಟ್ಬಂದಿದ್ದೀಯೇನ್ಲಾ? ಅಲ್ನೋಡು ಗೆರೆ ಅಳ್ಸಿರೋದ!”

ಅಷ್ಟೇ. ನಿಂಗರಾಜನ ಮುಂದಿನ ಹಲ್ಲು ಅರ್ಧ ಮುರಿಯಿತು, ಅಣ್ಣನ ಎಡ ಮಣಿಕಟ್ಟು ಹಲಸಿನ ತೊಳೆಯ ಹಾಗೆ ಊದಿತು. ಅಲ್ಲಿಗೆ ಮುಗಿದಿದ್ದರೆ ಇಬ್ಬರು ಹುಡುಗರ ಹೊಡೆದಾಟ. ಆದರೆ ನಾಲೆಯ ನೀರಿನ ಸರದಿಗಾಗಿ ನಮ್ಮ ಮೇಲ್ಗಾಲುವೆಯವರಿಗೂ ಕೆಳಗಾಲುವೆಯವರಿಗೂ ಆ ವರ್ಷ ಜೋರು ಮಾತಾಗಿತ್ತು. ಅಪ್ಪನೂ ನಿಂಗರಾಜನ ಅಪ್ಪನೂ ತೂಬಿನ ಮುಂದೆ ನಿಂತು ಅಂಗಿ ಹಿಡಿದುಕೊಂಡಿದ್ದರು. ಅಪ್ಪಂದಿರ ನೀರಿನ ಜಗಳ ಮಕ್ಕಳ ಚೀಲದಲ್ಲಿ ಕೂತು ಶಾಲೆಗೆ ಬಂತು. ಹತ್ತನೇ ಕ್ಲಾಸು ಎರಡು ಹೋಳಾಯಿತು. ಕಿಟಕಿ ಪಕ್ಕದ ಬೆಂಚುಗಳು ಮೇಲ್ಗಾಲುವೆ, ಬಾಗಿಲ ಪಕ್ಕದವು ಕೆಳಗಾಲುವೆ. ಕಬ್ಬಿನ ಜಲ್ಲೆ ಬಂತು, ಸೈಕಲ್ ಚೈನು ಬಂತು. ಡ್ರಿಲ್ ಮೇಷ್ಟ್ರು ಎರಡೂ ಕಡೆಯವರನ್ನು ಸಾಲಾಗಿ ನಿಲ್ಲಿಸಿ ಬೆತ್ತ ಸೀಳುವ ತನಕ ಹೊಡೆದರು. ನಾನು ಹೆಣ್ಣುಮಕ್ಕಳ ಸಾಲಿನಲ್ಲಿ ನಿಂತು ನೋಡಿದ್ದು ಏನೆಂದರೆ, ಬೆತ್ತದ ಏಟು ತಿಂದವನು ಅದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಿರಲಿಲ್ಲ. ಸಂಜೆಯೊಳಗೆ ತನಗಿಂತ ಚಿಕ್ಕವನಿಗೆ ದಾಟಿಸುತ್ತಿದ್ದ. ಹಾಗೆ ದಾಟುತ್ತ ದಾಟುತ್ತ, ಯಾರೋ ಯಾರಿಗೋ ಎಸೆದ ಕಲ್ಲು ನಮ್ಮ ಎಂಟನೇ ಕ್ಲಾಸಿನ ಒಬ್ಬ ಸಣ್ಣ ಹುಡುಗನ ಹಣೆಗೆ ಬಿತ್ತು. ಪಾಪ, ಅವನಿಗೆ ಯಾವ ಕಾಲುವೆಯೂ ಇರಲಿಲ್ಲ, ಅವರಪ್ಪ ಬಸ್ ಸ್ಟ್ಯಾಂಡಿನಲ್ಲಿ ಟೈಲರು. ಬಿಳಿ ಅಂಗಿ ತುಂಬ ರಕ್ತ ಮಾಡಿಕೊಂಡು ಅವನು ಅಳಲಿಲ್ಲ, “ಅಂಗಿ ಹೊಸದು, ಅಪ್ಪ ಬೈತದೆ” ಅಂದ. ಅದನ್ನು ಕೇಳಿ ಅತ್ತವಳು ನಾನು.

ಮಾರನೆಯ ಸಂಜೆ ಹೆಡ್‌ಮೇಷ್ಟ್ರು ನಮ್ಮ ಮನೆಗೆ ಬಂದರು. ಮಂಡ್ಯ ಪೇಟೆಯ ಪುರೋಹಿತರ ಮನೆತನದವರು, ದಿನಾ ಬಸ್ಸಿನಲ್ಲಿ ಬಂದು, ಸುತ್ತಮುತ್ತ ಓಡಾಡಲು ಶಾಲೆಯಲ್ಲಿಟ್ಟಿದ್ದ ಸೈಕಲ್ಲು ಹತ್ತುತ್ತಿದ್ದರು. ಡಬ್ಬಿಯಲ್ಲಿ ಮೊಸರನ್ನ ತರುತ್ತಿದ್ದರು. ನಮ್ಮ ಕಡೆಯ ಯಾವ ಮನೆಯಲ್ಲೂ ಅವರು ಒಂದು ಲೋಟ ನೀರು ಕುಡಿದದ್ದನ್ನು ಕಂಡವರಿಲ್ಲ. ಅಂಥವರು ನಮ್ಮ ಜಗಲಿಯ ಮುಂದೆ ಸೈಕಲ್ ಸ್ಟ್ಯಾಂಡ್ ಹಾಕುತ್ತಿದ್ದಾರೆ! ನಾನು ಹಿಸುಕಿದ ಅವರೆಬೇಳೆ ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಅಣ್ಣ ಹಿತ್ತಿಲ ಬಾಗಿಲಿಂದ ಮಾಯವಾದ. ಅಪ್ಪ ಕಂಬಳಿ ಹಾಸಿದ. ಮೇಷ್ಟ್ರು ಅದರ ಅಂಚಿನಲ್ಲಿ ಕೂತು, ಹಣೆ ಒರೆಸಿಕೊಂಡು, ಸುತ್ತಿ ಬಳಸದೆ ಹೇಳಿದರು.

“ನೋಡಿ ಗೌಡರೆ, ನಿಮ್ಮ ಮಗನಿಗೂ ಆ ನಿಂಗರಾಜನಿಗೂ ಟಿ.ಸಿ. ಬರೆದಿಟ್ಟಿದ್ದೀನಿ. ಸೋಮವಾರ ಕೊಟ್ಟುಬಿಡ್ತೀನಿ.”

ಅಪ್ಪನ ಮುಖದಲ್ಲಿ ಆ ಹೆಚ್ಚಿನ ಬಲ್ಬು ಆರಿಹೋಯಿತು. ಪರೀಕ್ಷೆ ಹತ್ತಿರ ಬಂದಿರುವಾಗ ಟಿ.ಸಿ. ತಗೊಂಡವನನ್ನು ಮದ್ದೂರಿನಲ್ಲಾಗಲಿ ಮಳವಳ್ಳಿಯಲ್ಲಾಗಲಿ ಯಾವ ಶಾಲೆಯವರು ಸೇರಿಸಿಕೊಳ್ಳುತ್ತಾರೆ? ಅಲ್ಲಿಗೆ ಓದು ಮುಗಿದಂತೆ. ಅಪ್ಪ ಬಾಯಿ ತೆರೆಯುವ ಮೊದಲೇ ಅಜ್ಜಿ ಕಂಬ ಹಿಡಿದು ಎದ್ದು ಬಂದಳು.

“ಟಿ.ಸಿ. ತಕಂಡು ಆ ಬಡ್ಡೆತ್ತವು ಎಲ್ಲಿಗೋದಾವು ಸೋಮಿ? ನಾಲೆ ಏರಿ ಮೇಲ್ಕೇ ಅಲ್ವಾ? ಐಸ್ಕೂಲಲ್ಲಿ ಒಡ್ದಾಡ್ತಿದ್ದೋವು ನಾಲೆ ಏರಿ ಮೇಲೆ ಒಡ್ದಾಡ್ತವೆ. ಅಲ್ಲಿ ನೀವೂ ಇರಾಕಿಲ್ಲ, ಬೆಲ್ಲೂ ಇರಾಕಿಲ್ಲ.”

“ಇನ್ನೇನು ಮಾಡಲಮ್ಮ ನಾನು?” ಮೇಷ್ಟ್ರ ದನಿ ಏರಲಿಲ್ಲ, ಇಳಿಯಿತು. “ಬೈದಾಯ್ತು. ಹೊಡೆಸಿದ್ದಾಯ್ತು. ಬಿಸಿಲಲ್ಲಿ ನಿಲ್ಲಿಸಿದ್ದಾಯ್ತು. ನನಗೆ ಗೊತ್ತಿರೋದು ಅಷ್ಟೇ. ಆ ಮಗು ಹಣೆಗೆ ಹೊಲಿಗೆ ಹಾಕುವಾಗ ತಲೆ ಹಿಡ್ಕೊಂಡಿದ್ದವನು ನಾನು.”

ಅಷ್ಟರಲ್ಲಿ ಒಳಗಿನಿಂದ ಕಲ್ಲಿನ ಸದ್ದು ಕೇಳತೊಡಗಿತು. ನಮ್ಮ ಅದೃಷ್ಟಕ್ಕೆ ಅವತ್ತು ಬೆಳಿಗ್ಗೆಯೇ ಅವ್ವನಿಗೂ ಚಿಕ್ಕವ್ವನಿಗೂ ಹತ್ತಿಕೊಂಡಿತ್ತು. ಚಿಕ್ಕವ್ವನ ತವರು ಮಳವಳ್ಳಿ ಕಡೆ. ಮಳವಳ್ಳಿ ಕಡೆಯವರು ಸಾರು ಮಾಡುವುದಿಲ್ಲ, ನೀರಿಗೆ ಬಣ್ಣ ಕಟ್ಟುತ್ತಾರೆ ಅಂತ ಅವ್ವ ಯಾರ ಹತ್ತಿರವೋ ಅಂದದ್ದು ಚಿಕ್ಕವ್ವನ ಕಿವಿಗೆ ಬಿದ್ದಿತ್ತು. (ಮುಟ್ಟಿಸಿದ ರೇಡಿಯೋ ಯಾವುದು ಅಂತ ಹೇಳಬೇಕಾಗಿಲ್ಲ.) ಗುರ್‌ಗುರ್ ಅನ್ನುವ ಕಲ್ಲು, ನಡುನಡುವೆ ಒಬ್ಬಳ ಗಡಸು “ಆಕು”, ಇನ್ನೊಬ್ಬಳ ಮುನಿಸಿನ “ಆಕು”. ಮೇಷ್ಟ್ರು ಕಿವಿ ಕೊಟ್ಟರು.

“ಮಿಲ್ಲಿದೆಯಲ್ಲ, ಇನ್ನೂ ಕೈಯಲ್ಲಿ ಬೀಸ್ತೀರಾ? ಅದೇನದು, ಹಾಕು ಹಾಕು ಅಂತ?”

ದೊಡ್ಡವರ ಮಧ್ಯೆ ಬಾಯಿ ಹಾಕಬಾರದು ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದರೇನು, ತಡೆಯುತ್ತದೆಯೇ! ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಗೂಟ, ಎರಡು ಮೊರ, ಹಾಕು ಅನ್ನದಿದ್ದರೆ ಮರಳು, ಮರಳು ಬಿದ್ದರೆ ಎಲ್ಲರ ಹೊಟ್ಟೆಗೂ, ಅಜ್ಜಿಯ ಕಿವಿ, ಮಳವಳ್ಳಿಯ ಸಾರು. ಅಪ್ಪ ಕಣ್ಣು ಬಿಟ್ಟ, ಅಜ್ಜಿ ನನ್ನ ಲಂಗ ಹಿಡಿದೆಳೆದಳು, ನಾನು ನಿಲ್ಲಲಿಲ್ಲ. ಮುಗಿಸಿದಾಗ ಮುಷ್ಟಿಯಲ್ಲಿದ್ದ ಅವರೆಬೇಳೆ ಮುದ್ದೆಯಾಗಿತ್ತು. ಮೇಷ್ಟ್ರು ನಗಲಿಲ್ಲ, ಬೈಯಲೂ ಇಲ್ಲ. ಅಂಥ ಗಂಭೀರ ಮನುಷ್ಯ ಎಂಟನೇ ಕ್ಲಾಸಿನ ಹುಡುಗಿಯನ್ನು ಸರೀಕಳ ಹಾಗೆ ನೋಡಿ ಒಂದು ಪ್ರಶ್ನೆ ಕೇಳಿದರು. ನನ್ನ ಮಾತಿಗೂ ತೂಕ ಇದೆ ಅಂತ ನನಗೆ ಮೊದಲು ಅನ್ನಿಸಿದ್ದು ಆ ಕ್ಷಣ.

“ಬೀಸಿದವರು ಮಾತ್ರ ತಿನ್ನೋದಲ್ಲ, ಎಲ್ಲರೂ ತಿನ್ನಬೇಕು ಅಂದೆಯಲ್ಲ?”

“ಹೂಂ ಸಾರ್. ಮನೆಯೋರೆಲ್ಲ.”

ಅವರು ಅಜ್ಜಿಯ ಕಡೆ ತಿರುಗಿದರು. “ಹಾಗಾದರೆ ಶನಿವಾರ ಅರ್ಧ ದಿನ. ಇಡೀ ಹತ್ತನೇ ಕ್ಲಾಸನ್ನ ಕರ್ಕೊಂಡು ಬರ್ತೀನಿ. ಅವರಿಬ್ಬರೂ ಬೀಸಲಿ, ಎಲ್ಲರೂ ತಿನ್ನಲಿ. ಹಿಟ್ಟಲ್ಲಿ ಮರಳಿದ್ದರೆ ಸೋಮವಾರ ಟಿ.ಸಿ. ಇಲ್ಲದಿದ್ದರೆ ನೋಡೋಣ.”

“ಗಂಡುಡುಗ್ರು ರಾಗಿಕಲ್ಲು ಇಡಿಯದಾ?” ಅಪ್ಪ ಎದ್ದೇಬಿಟ್ಟ. “ಊರು ನಗಾಡಾಕಿಲ್ವಾ ಕಣವ್ವ?”

“ನಗ್ಲಿ ಬುಡ್ಲಾ. ಆ ಮಗೀನ ಅಣೆ ಒಡ್ದಾಗ ಯಾವನ್ಲಾ ನಕ್ಕಿದ್ದು?”

ಅಪ್ಪ ಕೂತ.

ಶನಿವಾರದ ಹೊತ್ತಿಗೆ ನನಗೆ ಜ್ವರ ಬಂದವಳ ಹಾಗೆ ಮೈಯೆಲ್ಲ ಬಿಸಿ. ಅವ್ವ, ಚಿಕ್ಕವ್ವ ಜಗಳ ಮರೆತು ಅವರೆಕಾಯಿ ಸುಲಿದು, ನೆನೆಹಾಕಿ, ಹಿಸುಕಿ, ಗುಡ್ಡೆ ಹಾಕಿದರು. ಮೇಷ್ಟ್ರಿಗೆ ಮೈಲಿಗೆ ಆಗಬಾರದು ಅಂತ ಅಜ್ಜಿ ಕುಂಬಾರರ ಮನೆಯಿಂದ ಹೊಸ ಮಡಕೆ ತರಿಸಿದಳು. ಅವರು ಉಣ್ಣುತ್ತಾರೆ ಅಂತ ಯಾರಿಗೂ ನಂಬಿಕೆಯಿರಲಿಲ್ಲ, ಆದರೂ ತರಿಸಿದಳು. ಶಾಲೆ ಬಿಟ್ಟ ಗಂಟೆ ಹೊಡೆದದ್ದೇ ತಡ, ನಾಲೆಯ ಏರಿಯ ಮೇಲೆ ಹತ್ತನೇ ಕ್ಲಾಸು ಸಾಲಾಗಿ ಬಂತು. ಮುಂದೆ ಮೇಷ್ಟ್ರು ಸೈಕಲ್ ತಳ್ಳಿಕೊಂಡು, ಹಿಂದೆ ಏರಿಯ ಈ ಅಂಚಿನಲ್ಲಿ ಮೇಲ್ಗಾಲುವೆ, ಆ ಅಂಚಿನಲ್ಲಿ ಕೆಳಗಾಲುವೆ, ನಡುವೆ ಒಂದು ಎಮ್ಮೆ ಆರಾಮಾಗಿ ನಡೆದು ಬರುವಷ್ಟು ಜಾಗ. ನಾನು ಮುಂದೆ ಮುಂದೆ ಓಡುತ್ತಿದ್ದೆ. ಹೊಲದಲ್ಲಿ ಕಬ್ಬು ಕಡಿಯುತ್ತಿದ್ದವರೆಲ್ಲ ನೆಟ್ಟಗೆ ನಿಂತು ನೋಡಿದರು. ನಮ್ಮ ಹೊಸ್ತಿಲಿನ ಮುಂದೆ ಚಪ್ಪಲಿಗಳು ಮದುವೆ ಮನೆಯ ಹಾಗೆ ಬಿದ್ದವು. ನಡುಮನೆ ತುಂಬಿ, ಒಳಗಿನ ತೊಟ್ಟಿ ಅಂಗಳ ತುಂಬಿ, ಜಗಲಿ ತುಂಬಿತು. ಹುಡುಗರ ಹಿಂದೆಯೇ ಬಂದಿದ್ದ ನಿಂಗರಾಜನ ಅಪ್ಪ ಮಾತ್ರ ಒಳಗೆ ಬರದೆ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತ.

“ಎಲ್ಲ ಸರಿ. ಆದ್ರೆ ಮಳ್ಳೈತೋ ಇಲ್ವೋ ನೋಡೋರ್ಯಾರು? ಅಜ್ಜಿ ಇವರದು, ಮೊಮ್ಮಗ ಇವರದು, ಕಲ್ಲೂ ಇವರದೇ. ನಮ್ಮುಡುಗಂಗೆ ನ್ಯಾಯ ಎಲ್ಲಿ ಸಿಕ್ಕಾದು?”

“ದಿಟ ಕಣಪ್ಪ,” ಅಂದಳು ಅಜ್ಜಿ, ಕೋಪವಿಲ್ಲದೆ. “ನಾನು ನೋಡಾಕಿಲ್ಲ. ನೀನೇ ಏಳು, ಯಾರು ನೋಡ್ಬೇಕು?”

ನಿಂಗರಾಜನ ಅಪ್ಪ ಮೇಷ್ಟ್ರ ಕಡೆ ನೋಡಿದ. ಎಲ್ಲರೂ ನೋಡಿದರು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. “ಆಗಲಿ. ನಾನೇ ಉಂಡು ಹೇಳ್ತೀನಿ” ಅಂದರು. ಅಡುಗೆಕೋಣೆಯಲ್ಲಿ ಚಿಕ್ಕವ್ವನ ಕೈಯಿಂದ ಸೌಟು ಬಿತ್ತು.

ಇಬ್ಬರೂ ಕೂತರು. ತುಟಿ ಬಿಗಿದ ನಿಂಗರಾಜ, ಮಣಿಕಟ್ಟಿಗೆ ಅರಿಸಿನದ ಬಟ್ಟೆ ಸುತ್ತಿದ ಅಣ್ಣ. ಗೂಟ ಚಿಕ್ಕದು, ಒಬ್ಬನ ಮುಷ್ಟಿಯ ಮೇಲೆ ಇನ್ನೊಬ್ಬನ ಮುಷ್ಟಿ ಕೂರಲೇಬೇಕು. ಮೊದಲು ಕಲ್ಲು ತಿರುಗಲೇ ಇಲ್ಲ, ಒಬ್ಬ ಬಲಕ್ಕೆ, ಒಬ್ಬ ಎಡಕ್ಕೆ. ಹಿಂದಿನಿಂದ ಯಾರೋ “ಏನ್ಲಾ ನಿಂಗ, ಸೀರೆ ತಂದ್ಕೊಡನಾ?” ಅಂದ. ಎರಡೂ ಕಡೆಯವರು ಒಟ್ಟಿಗೆ ನಕ್ಕರು. ಆಮೇಲೆ ತಾವು ಒಟ್ಟಿಗೆ ನಕ್ಕೆವಲ್ಲ ಅಂತ ಬೆಚ್ಚಿ ಸುಮ್ಮನಾದರು. ಕಲ್ಲು ಹೇಗೋ ತಿರುಗಿತು, ಆದರೆ ಇಬ್ಬರಲ್ಲಿ ಒಬ್ಬನೂ ‘ಹಾಕು’ ಅನ್ನಲಿಲ್ಲ. ಬಾಯಲ್ಲಿ ರಾಗಿಯಿಲ್ಲದ ಕಲ್ಲು ಕರ್ರ್ ಕರ್ರ್ ಅಂತ ಕಿರುಚಿತು. ಹಲ್ಲಿನ ಬೇರಿಗೆ ಹೋಗಿ ಮುಟ್ಟುವ ಸದ್ದು ಅದು. ಒಂದು ಸುತ್ತು, ಇನ್ನೊಂದು ಸುತ್ತು. ಅಯ್ಯೋ, ಅಣ್ಣನ ಪರೀಕ್ಷೆ, ಅಪ್ಪನ ಬಲ್ಬು ಎಲ್ಲವೂ ಆ ಎರಡು ಕಲ್ಲಿನ ನಡುವೆ ಪುಡಿಯಾಗುತ್ತಿರುವುದು ನನ್ನ ಕಣ್ಣಿಗೆ ಕಾಣುತ್ತಿತ್ತು! ‘ಹಾಕು ಅನ್ನೋ’ ಅಂತ ಕಿರುಚಬೇಕು ಅನ್ನಿಸಿತು. ಅಜ್ಜಿ ನನ್ನ ಭುಜ ಅದುಮಿ ಹಿಡಿದಿದ್ದಳು.

ಕಲ್ಲಿನ ಬಾಯಿಯ ಹತ್ತಿರ ತರಲೆಂದು ಅಣ್ಣ ಎಡಗೈಯಿಂದ ಮೊರ ಎಳೆಯಹೋದ. ಮಣಿಕಟ್ಟು ತಿರುಗಲಿಲ್ಲ. ಅವನ ಮುಖ ಬಿಳಿಚಿತು, ಕೂಗಲಿಲ್ಲ, ತುಟಿ ಕಚ್ಚಿದ. ಅದು ಹಿಂದೆ ನಿಂತ ನಮಗೆ ಕಾಣಲಿಲ್ಲ, ಆಮೇಲೆ ಕೇಳಿ ತಿಳಿದದ್ದು. ಆದರೆ ಎದುರಿಗೆ ಮೂಗಿಗೆ ಮೂಗು ತಾಗುವಂತೆ ಕೂತವನಿಗೆ ಕಾಣದೆ ಇರುವುದಾದರೂ ಹೇಗೆ? ನಿಂಗರಾಜ ಬೀಸುವುದನ್ನು ನಿಲ್ಲಿಸಿದ. ಕಾಲ ಹೆಬ್ಬೆರಳಿನಿಂದ ಅಣ್ಣನ ಮೊರವನ್ನು ಕಲ್ಲಿನ ಹತ್ತಿರಕ್ಕೆ ತಳ್ಳಿದ. ಆಮೇಲೆ, ಅರ್ಧ ಹಲ್ಲಿನ ಸಂದಿಯಿಂದ ಗಾಳಿ ಸೇರಿಕೊಂಡು ಬಂತು, ನಾವೆಲ್ಲ ಕಾಯುತ್ತಿದ್ದ ಮಾತು.

“ಆಕ್ಲಾ.”

ಅಣ್ಣ ಒಂದು ಹಿಡಿ ಹಾಕಿದ. ಕಲ್ಲಿನ ದನಿ ಅಲ್ಲೇ ಬದಲಾಯಿತು, ಕಿರುಚಾಟ ಹೋಗಿ ಗುರ್ ಅನ್ನುವ ಎಮ್ಮೆಯ ಉಸಿರಿನಂಥ ದನಿ. ಒಂದು ಸುತ್ತಾದ ಮೇಲೆ ಅಣ್ಣನೂ ನೆಲ ನೋಡಿಕೊಂಡು “ಆಕು” ಅಂದ. ನಿಂಗರಾಜ ಹಾಕಿದ. ಆಮೇಲೆ ಆದದ್ದು ನನಗೆ ಇವತ್ತಿಗೂ ಬೆರಗು. ಅಷ್ಟು ಮಂದಿಗೆ ಸಾಲುವಷ್ಟು ಹಿಟ್ಟು ಇವರಿಬ್ಬರ ಕೈಯಲ್ಲಾಗುತ್ತದೆಯೇ? ನಿಂಗರಾಜನ ಕೈ ಸೋತಾಗ ಅವನ ಕಡೆಯವನೊಬ್ಬ, ಅಣ್ಣನ ಕೈ ಸೋತಾಗ ನಮ್ಮ ಕಡೆಯವನೊಬ್ಬ ಬಂದು ಕೂತರು. ಸೀರೆ ತರಲೇ ಅಂತ ಕೇಳಿದ್ದವನನ್ನು ಎಲ್ಲರೂ ಸೇರಿ ಎಳೆದುತಂದು ಕೂರಿಸಿದರು. ನಡುಮನೆಯ ತುಂಬ ಆಕು, ಆಕ್ಲಾ, ಲೇ ಆಕೋ, ಆಕ್ದೆ ಕಣ್ಲಾ. ಜರಡಿ ಹಿಡಿಯಲು ನೂಕಾಟ. ಹುಬ್ಬು ಮೂಗೆಲ್ಲ ಹಿಟ್ಟಾಗಿ ಯಾರು ಮೇಲ್ಗಾಲುವೆ, ಯಾರು ಕೆಳಗಾಲುವೆ ಗುರುತು ಸಿಗದಂತಾಯಿತು. ಮೇಷ್ಟ್ರು ಕಂಬಕ್ಕೊರಗಿ ನಿಂತು, ಕಬಡ್ಡಿ ನೋಡುವವರ ಹಾಗೆ, ತಮಗೆ ತಿಳಿಯದಂತೆ ತುಟಿಯಲ್ಲೇ “ಹಾಕು, ಹಾಕು” ಅನ್ನುತ್ತಿದ್ದರು. ಅವರ ‘ಹ’ ಮಾತ್ರ ಸ್ಪಷ್ಟವಾಗಿತ್ತು.

ಅವ್ವ ಕುದಿಯುವ ಎಸರಿಗೆ ಹಿಟ್ಟು ಸುರಿದು ತೊಳಸಿದಳು, ಚಿಕ್ಕವ್ವ ಮುದ್ದೆ ಕಟ್ಟಿದಳು. ಮುದ್ದೆಗಳು ನಿಂಬೆಹಣ್ಣಿಗಿಂತ ದೊಡ್ಡವಾಗಿರಲಿಲ್ಲ. ತೊಟ್ಟಿಯ ಸುತ್ತ ಬಾಳೆಲೆ ಬಿದ್ದವು, ಹಿಸುಕವರೆಯ ಸಾರು ಬಂತು. ಹಾಕಿದ್ದು ಮೇಷ್ಟ್ರ ಎಲೆಗೆ ಮೊದಲು, ಹೊಸ ಮಡಕೆಯಿಂದ. ಎಲ್ಲರ ಕೈ ಎಲೆಯ ಮೇಲೆ ನಿಂತಿತು. ಬಾಗಿಲಲ್ಲಿ ನಿಂಗರಾಜನ ಅಪ್ಪ, ಕಂಬದ ಹತ್ತಿರ ನಮ್ಮಪ್ಪ, ಇಬ್ಬರೂ ಒಂದೇ ರೀತಿ ಕುತ್ತಿಗೆ ಚಾಚಿದ್ದರು. ಸಾರಿನ ಸೌಟು ಹಿಡಿದು ಮೇಷ್ಟ್ರ ಮಗ್ಗುಲಲ್ಲೇ ನಿಂತಿದ್ದವಳು ನಾನು. ಅವರು ಮುದ್ದೆಯಿಂದ ಒಂದು ತುಣುಕು ಮುರಿದರು, ಸಾರಿನಲ್ಲಿ ಹೊರಳಿಸಿದರು, ಬಾಯಿಗಿಟ್ಟುಕೊಂಡರು. ಇಟ್ಟುಕೊಂಡು, ಅನ್ನ ಉಂಡು ಬೆಳೆದ ಆ ಮಹಾನುಭಾವರು, ಅದನ್ನು ಅಗಿಯತೊಡಗಿದರು!

ಹುಟ್ಟಿದಾಗಿನಿಂದ ನಾನು ಯಾರೂ ಮುದ್ದೆ ಅಗಿದದ್ದನ್ನು ಕಂಡಿರಲಿಲ್ಲ. ಹುಡುಗರ ಮುಖದಲ್ಲಿ ನಗು ಒದ್ದುಕೊಂಡು ಬಂತು. ಆ ನಗುವಿನ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಲಿಲ್ಲ, ನನಗೆ ಕೇಳಿತು. ಕಟಕ್. ಸಣ್ಣದು, ಹಲ್ಲಿನ ನಡುವೆ ಸಾಸಿವೆಗಿಂತ ದೊಡ್ಡದೇನೋ ಒಡೆದ ಹಾಗೆ. ಮೇಷ್ಟ್ರ ದವಡೆ ನಿಂತುಬಿಟ್ಟಿತು. ಅವರ ಕಣ್ಣು ಮೊದಲು ಅಣ್ಣನ ಅರಿಸಿನದ ಬಟ್ಟೆಯ ಮೇಲೆ ಹೋಯಿತು, ಆಮೇಲೆ ಪಕ್ಕದ ಎಲೆಯಲ್ಲಿ ಕೂತಿದ್ದ ನಿಂಗರಾಜನ ಅರ್ಧ ಹಲ್ಲಿನ ಮೇಲೆ. ಪಕ್ಕದ ಎಲೆ! ಅವರಿಬ್ಬರೂ ಪಕ್ಕಪಕ್ಕದ ಎಲೆಯಲ್ಲಿ ಕೂತಿದ್ದನ್ನು ಅಷ್ಟರವರೆಗೆ ನಾನೂ ಗಮನಿಸಿರಲಿಲ್ಲ. ಬಾಗಿಲಿಂದ ನಿಂಗರಾಜನ ಅಪ್ಪ ಕೇಳಿದ.

“ಏನ್ ಸೋಮಿ, ಮಳ್ಳೈತಾ?”

ಅಜ್ಜಿ ಎಲ್ಲಿಂದ ಬಂದಳೋ, ಮಜ್ಜಿಗೆಯ ಲೋಟ ಹಿಡಿದು ಮೇಷ್ಟ್ರ ಎಲೆಯ ಮುಂದೆ ಬಗ್ಗಿದಳು. ಅವಳ ದನಿ ನಮ್ಮ ಮೂವರನ್ನು ದಾಟಿ ಆಚೆ ಹೋಗಲಿಲ್ಲ.

“ಮುದ್ದೆ ಅಗಿಯಾದಲ್ಲ ಸೋಮಿ. ನುಂಗಾದು.”

ಮೇಷ್ಟ್ರು ನುಂಗಿದರು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂದದ್ದು ಕಾಣಿಸಿತು. ಮಜ್ಜಿಗೆ ಕುಡಿದರು, ನಮ್ಮ ಮನೆಯ ಲೋಟದಲ್ಲಿ. ತುಟಿ ಒರೆಸಿಕೊಂಡು ತೊಟ್ಟಿಗೆಲ್ಲ ಕೇಳುವಂತೆ ಹೇಳಿದರು.

“ಹಿಟ್ಟು ನುಣ್ಣಗಿದೆ. ಉಣ್ಣಿ ಎಲ್ಲರೂ. ಸೋಮವಾರ ಲೆಕ್ಕದ ಟೆಸ್ಟಿದೆ. ಕೆಂಪರಾಜ, ನಿಂಗರಾಜ, ತಪ್ಪಿಸೋ ಹಾಗಿಲ್ಲ.”

ಎದ್ದ ಕೂಗಿಗೆ ಹೆಂಚಿನ ಮೇಲಿನ ಪಾರಿವಾಳಗಳೆಲ್ಲ ಹಾರಿದವು. ನಿಂಗರಾಜನ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ತಾನೇ ಒಂದು ಎಲೆ ಹಾಸಿಕೊಂಡು ಕೂತ. ನೀರಿನ ಸರದಿಯ ಜಗಳ ಮುಗಿಯಲಿಲ್ಲ, ತೂಬಿನ ಮುಂದೆ ಆಮೇಲೂ ಮಾತು ಬೆಳೆಯುತ್ತಿತ್ತು. ಆದರೆ ಶಾಲೆಗೆ ಮತ್ತೆ ಚೈನು ಬರಲಿಲ್ಲ. ಹೆಡ್‌ಮೇಷ್ಟ್ರು ಹೊಸ ಬೆತ್ತ ತರಿಸಲೂ ಇಲ್ಲ. ಆಮೇಲೆ ಯಾರಿಬ್ಬರು ಕೈಮಿಲಾಯಿಸಿದರೂ ಒಂದೇ ದೊಣ್ಣೆಗೆ ಬಿಂದಿಗೆ ಸಿಕ್ಕಿಸಿ, ಹೆಗಲು ಕೊಟ್ಟು, ಬಾವಿಯಿಂದ ಇಡೀ ಕ್ಲಾಸಿಗೆ ಕುಡಿಯುವ ನೀರು ತರಬೇಕು. ನೀರು ಚೆಲ್ಲಿದರೆ ಎಲ್ಲರಿಗೂ ಬಾಯಾರಿಕೆ. ಟೈಲರ ಮಗನಿಗೆ ಹತ್ತನೇ ಕ್ಲಾಸಿನವರೆಲ್ಲ ಸೇರಿ ಅಂಗಿಬಟ್ಟೆ ತಂದುಕೊಟ್ಟರು. ಹೊಲಿದ ಅವನಪ್ಪ ಕೂಲಿ ಕೇಳಲಿಲ್ಲ.

ಅವತ್ತು ಸಂಜೆ ಎಲೆ ಎತ್ತಿ ನೆಲ ಸಾರಿಸುವಾಗ ಆ ಕಟಕ್ ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು. ನಾನು, ರೇಡಿಯೋ! ಅವ್ವನಿಗೆ ಹೇಳಲೇ, ಚಿಕ್ಕವ್ವನಿಗೆ ಹೇಳಲೇ, ಬೀದಿಗೆ ಹೋಗಿ ಕೂಗಲೇ? ತಡೆಯಲಾರದೆ ಅಜ್ಜಿಯ ಸೆರಗು ಹಿಡಿದೆ. ಅವಳು ಕಲ್ಲಿನ ಮುಂದೆ ಕೂತು ತೆಂಗಿನನಾರಿನ ಕುಂಚದಿಂದ ಅದರ ಬಾಯಿ ಗುಡಿಸುತ್ತಿದ್ದಳು.

“ಅಜ್ಜಿ, ಮಳ್ಳಿತ್ತು ಅಲ್ವಾ?”

“ಇಲ್ದೆ ಇರ್ತದಾ? ಅಷ್ಟೊತ್ತು ಬರೀ ಕಲ್ಲು ಉಜ್ಜವೆ, ಮುಂಡೇವು.”

“ನಾವು ಬೀಸ್ದಾಗ? ನಾನೂ ಅಣ್ಣನೂ? ಅವ್ವ ಚಿಕ್ಕವ್ವ ಬೀಸ್ದಾಗ?”

ಅಜ್ಜಿ ಕುಂಚ ಕೆಳಗಿಟ್ಟಳು. ಹೆಬ್ಬೆರಳು ತೋರುಬೆರಳನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಏನೂ ಇಲ್ಲದ ಬೆರಳುಗಳನ್ನೇ ಉಜ್ಜಿ ನಕ್ಕಳು. ಆ ಕಿವಿ ಅವಳಿಗೆ ಕೇಳಿಸುವುದು ನಿಂತು ಎಷ್ಟೋ ವರ್ಷವಾಗಿತ್ತು ಅನ್ನುವುದು ನನಗೆ ಆಗ ಹೊಳೆಯಿತು. ನಾವು ಅವಳ ಹತ್ತಿರ ಏನೇ ಹೇಳಬೇಕಾದರೂ ಇನ್ನೊಂದು ಪಕ್ಕಕ್ಕೆ ಹೋಗಿ ಕೂರುತ್ತಿದ್ದೆವಲ್ಲ!

ಕೆಂಪರಾಜ ಆ ಪರೀಕ್ಷೆ ಪಾಸಾದ. ಈಗಲೂ ಮನೆಯಲ್ಲಿ ಮುದ್ದೆ ಬಡಿಸಿದಾಗೆಲ್ಲ ಮೊಮ್ಮಕ್ಕಳ ಮುಂದೆ ಎದೆ ಉಬ್ಬಿಸಿ ಶುರುಮಾಡುತ್ತಾನೆ: ನಾನೂ ನಿಂಗನೂ ಬೀಸಿದ ಹಿಟ್ಟು ಅಂದರೆ, ಬೆಣ್ಣೆ, ಹೆಡ್‌ಮೇಷ್ಟ್ರೇ ಒಂದು ಹರಳು ಇಲ್ಲ ಅಂದರು, ಬೇಕಾದರೆ ಇವಳನ್ನ ಕೇಳಿ, ಪಕ್ಕದಲ್ಲೇ ನಿಂತಿದ್ದಳು. ಮಕ್ಕಳೆಲ್ಲ ನನ್ನ ಕಡೆ ತಿರುಗುತ್ತಾರೆ. ನಾನು ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟುಕೊಂಡು ನುಂಗುತ್ತೇನೆ.